2147483647 ಮತ್ತು ಕಣ್ಣು ಕಾಣದ ಆಯ್ಲರ್

ಸಿ ಭಾಷೆಯಲ್ಲಿ ಒಂದಿಷ್ಟು ದಿನ ಕೋಡ್ ಬರೆದವರಿಗೆ 2147483647 ಗೊತ್ತಿರುತ್ತೆ. 32 ಬಿಟ್ಟಿನ ಇಂಟ್ ಒಳಗೆ ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದು. ಲಾಗ್ ಫೈಲಿನಲ್ಲಿ ಇದು ಕಂಡರೆ ನಾನಂತೂ ಮೊದಲು ಎಲ್ಲೋ ಲೆಕ್ಕ ತುಂಬಿ ಹರಿದಿದೆ ಅಂತಲೇ ಅಂದುಕೊಳ್ಳೋದು. ಆದರೆ ಕಂಪ್ಯೂಟರ್ ಹುಟ್ಟೋಕೆ ಎಷ್ಟೋ ಮೊದಲೇ ಇದಕ್ಕೊಂದು ಚರಿತ್ರೆ ಇದೆ.

2ನ್ನು 31 ಸಲ ಗುಣಿಸಿ 1 ಕಳೆದರೆ ಈ ಸಂಖ್ಯೆ. ಯಾವ ಘಾತ ತಗೊಂಡರೆ ಹೀಗೆ ಅವಿಭಾಜ್ಯ ಸಂಖ್ಯೆ ಸಿಗುತ್ತೆ ಅಂತ 1644ರಲ್ಲಿ ಮರ್ಸೆನ್ ಎಂಬ ಫ್ರೆಂಚ್ ಪಾದ್ರಿ ಒಂದು ಪಟ್ಟಿ ಕೊಟ್ಟ. ಸಾಧನೆ ಕೊಡಲಿಲ್ಲ. ಪಟ್ಟಿಯಲ್ಲಿದ್ದ 67 ಮತ್ತು 257 ತಪ್ಪು. 61, 89, 107 ಬಿಟ್ಟೇ ಹೋಗಿದ್ದವು. 31 ಮಾತ್ರ ಸರಿ ಇತ್ತು, ಆದರೆ ಅದನ್ನು ತೋರಿಸಬೇಕಲ್ಲ?

ತೋರಿಸಿದ್ದು ಆಯ್ಲರ್. ಆಗ ಆತ ಪೀಟರ್ಸ್‌ಬರ್ಗ್‌ನಲ್ಲಿದ್ದ. 1771ರಲ್ಲಿ ಮನೆ ಸುಟ್ಟುಹೋಗಿತ್ತು, ಕಣ್ಣಿನ ಪೊರೆಯ ಆಪರೇಷನ್ ಕೆಟ್ಟು ಇದ್ದ ದೃಷ್ಟಿಯೂ ಹೆಚ್ಚುಕಮ್ಮಿ ಹೋಗಿತ್ತು. ಅಷ್ಟಾದ ಮೇಲೆ, 1772ರಲ್ಲಿ, ಬರ್ನೂಲಿಗೆ ಬರೆದ ಪತ್ರದಲ್ಲಿ ಈ ಸಂಖ್ಯೆ ಅವಿಭಾಜ್ಯ ಅಂತ ತಿಳಿಸಿದ!

ನೇರವಾಗಿ ಹೋದರೆ 46340ರ ತನಕ ಇರುವ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ನಾಲ್ಕು ಸಾವಿರಕ್ಕೂ ಹೆಚ್ಚು ಭಾಗಾಕಾರ. ಆಯ್ಲರ್ ಮಾಡಿದ ಉಪಾಯ ಚೆನ್ನಾಗಿದೆ. ಚಿಕ್ಕದರಲ್ಲಿ ನೋಡಿ: ಘಾತ 11 ಆದರೆ 2047, ಅಂದರೆ 23 × 89. ಎರಡನ್ನೂ 22ರಿಂದ ಭಾಗಿಸಿ, ಶೇಷ 1. ಇದು ಕಾಕತಾಳೀಯ ಅಲ್ಲ, ಫರ್ಮಾನ ಪ್ರಮೇಯದಿಂದ ಬರುವ ನಿಯಮ. ಹಾಗೆಯೇ 31ರ ವಿಷಯದಲ್ಲಿ ಅವಿಭಾಜ್ಯ ಭಾಜಕ ಇದ್ದರೆ ಅದನ್ನು 62ರಿಂದ ಭಾಗಿಸಿದಾಗ ಶೇಷ 1 ಇರಲೇಬೇಕು. 8ರಿಂದ ಭಾಗಿಸಿದರೆ 1 ಅಥವಾ 7. ಎರಡನ್ನೂ ಸೇರಿಸಿದರೆ, 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರುವ ಸಂಖ್ಯೆಗಳು ಮಾತ್ರ ಉಳಿಯುತ್ತವೆ. ಅಂಥವು ಸುಮಾರು 370, ಅದರಲ್ಲೂ ಅವಿಭಾಜ್ಯವಾದವನ್ನಷ್ಟೇ ನೋಡಿದರೆ ಸಾಕು. ಒಂದೂ ಭಾಗಿಸಲಿಲ್ಲ. ಕಣ್ಣಿಲ್ಲದವನಿಗೆ ಇಷ್ಟು ಉಳಿತಾಯ ಅಂದರೆ ಎಷ್ಟು ದೊಡ್ಡದು, ಯೋಚಿಸಿ.

ಇದರಿಂದ 2305843008139952128 ಎಂಬ ಪರಿಪೂರ್ಣ ಸಂಖ್ಯೆಯೂ ಸಿಕ್ಕಿತು. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ಅದೇ ಬರುತ್ತೆ. 1811ರಲ್ಲಿ ಪೀಟರ್ ಬಾರ್ಲೊ ಎಂಬ ಇಂಗ್ಲಿಷ್ ಗಣಿತಜ್ಞ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಹುಡುಕಲಾರರು, ಇವು ಬರೀ ಕುತೂಹಲದವು, ಉಪಯೋಗಕ್ಕೆ ಬಾರದವು ಅಂತ ಬರೆದ. 1876ರಲ್ಲಿ ಲ್ಯೂಕಾ 127ರ ಘಾತದಿಂದ ಬರುವ 39 ಅಂಕಿಯ ಸಂಖ್ಯೆ ಅವಿಭಾಜ್ಯ ಅಂತ ತೋರಿಸಿ ಮೊದಲ ಮಾತನ್ನು ಮುರಿದ.

ಉಪಯೋಗದ ಮಾತು? ಇಂಟ್‌ನ ಮಿತಿಯಾಗಿರೋದಕ್ಕೂ ಇದು ಅವಿಭಾಜ್ಯ ಆಗಿರೋದಕ್ಕೂ ಸಂಬಂಧ ಇಲ್ಲ, ಅದನ್ನು ಬಾರ್ಲೊನ ವಿರುದ್ಧ ಸಾಕ್ಷಿಯಾಗಿ ಹಿಡಿಯೋದು ಸರಿಯಲ್ಲ. ಆದರೆ 1969ರಲ್ಲಿ ಐಬಿಎಂ 360 ಯಂತ್ರಕ್ಕೆ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ವಿಧಾನವೊಂದು ಬಂತು: ಹಿಂದಿನ ಸಂಖ್ಯೆಯನ್ನು 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷ ಇಟ್ಟುಕೊಳ್ಳೋದು. ಇದು ಅವಿಭಾಜ್ಯ ಆಗಿರೋದರಿಂದಲೇ 1ರಿಂದ 2147483646ರವರೆಗಿನ ಪ್ರತಿ ಸಂಖ್ಯೆಯೂ ಒಂದೊಂದು ಸಲ ಬಂದ ಮೇಲೆಯೇ ಸುತ್ತು ಮುಗಿಯುತ್ತೆ. ಸಿ++ನ ಲೈಬ್ರರಿಯಲ್ಲಿ ಇವತ್ತಿಗೂ ಇದೇ ಎರಡು ಸಂಖ್ಯೆ ಕೂತಿವೆ. ಇದರ ಬದಲು ಪಕ್ಕದ 2147483648 ಹಾಕಿ, ಬೆಸ ಸಂಖ್ಯೆಯಿಂದ ಶುರು ಮಾಡಿ ನೋಡಿ, ಬರೋದೆಲ್ಲ ಬೆಸವೇ :)