ಸೋಲಿಗರ ಪೋಡಿಗೆ ಬಂದ ಕಾಫಿ

ಕಾಫಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೊಡಗು, ಚಿಕ್ಕಮಗಳೂರು, ಹಾಸನ. ಬಾಬಾಬುಡನ್ ಅವರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಕೇಳದವರಿಲ್ಲ. ತೋಟ, ತೋಟದ ಧಣಿ, ಲೈನ್ ಮನೆಯ ಆಳು ಇವಿಷ್ಟೂ ಸೇರಿದರೆ ಕಾಫಿಯ ಚಿತ್ರ ಪೂರ್ಣವಾಯಿತೆಂದು ನಾವು ತಿಳಿದಿದ್ದೇವೆ. ಕಾಡಿನ ಗಿರಿಜನರು ಆ ಚಿತ್ರದಲ್ಲಿ ಇದ್ದರೂ ಕೂಲಿಯವರಾಗಿಯೇ ಇರುತ್ತಾರೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಮಾತ್ರ ಸೋಲಿಗರು ಬೆಳೆಗಾರರಾಗಿದ್ದಾರೆ, ಅದೂ ರಾಸಾಯನಿಕ ಗೊಬ್ಬರದ ಚೀಲ ಬಿಚ್ಚದೆ. ನಮ್ಮ ಬೀಳಗಿಗೆ ಬಿಳಿಗಿರಿ ಹತ್ತಿರವಾಗುವುದು ಹೆಸರಿನಲ್ಲಿ ಮಾತ್ರ. ಆದರೂ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ರೈತರು ಈ ಕಥೆಯನ್ನು ಕೇಳಬೇಕು.

ಬಿಳಿಗಿರಿರಂಗ ಸೋಲಿಗರಿಗೆ ದೇವರಷ್ಟೇ ಅಲ್ಲ, ಭಾವ. ಅವರ ಕುಲದ ಕುಸುಮಾಲೆಯನ್ನು ರಂಗಪ್ಪ ಮದುವೆಯಾದನೆಂಬುದು ಅವರ ನಂಬಿಕೆ. ಹೀಗಾಗಿ ಬೆಟ್ಟ ಅವರಿಗೆ ನೆಂಟನ ಮನೆ. ಕಾಡಿನ ಒಂದು ತುಂಡನ್ನು ಸವರಿ, ಸುಟ್ಟು, ರಾಗಿ, ಜೋಳ, ಅವರೆ ಬಿತ್ತಿ, ಕೆಲವು ವರ್ಷಗಳ ನಂತರ ಅದನ್ನು ಕಾಡಿಗೇ ಬಿಟ್ಟು ಮುಂದೆ ಹೋಗುವುದು ಅವರ ಬೇಸಾಯದ ಕ್ರಮವಾಗಿತ್ತು. ಉಳಿದಂತೆ ಜೇನು, ನೆಲ್ಲಿ, ಸೀಗೆ, ಗೆಡ್ಡೆಗೆಣಸು.

ಕಾಫಿ ಈ ಬೆಟ್ಟಕ್ಕೆ ಬಂದದ್ದು ಬಿಳಿಯರೊಂದಿಗೆ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ರಾಂಡಾಲ್ಫ್ ಮಾರಿಸ್ ಅತ್ತಿಖಾನೆಯಲ್ಲಿ ತೋಟ ಮಾಡಿದ. ಅವನ ಮಗ ಆರ್.ಸಿ. ಮಾರಿಸ್ ಹೊನ್ನಮೇಟಿಯಲ್ಲಿ ನೆಲೆಸಿ ಬೇಟೆಗಾರನೆಂದೂ ಪ್ರಾಣಿಶಾಸ್ತ್ರದ ಆಸಕ್ತನೆಂದೂ ಹೆಸರು ಮಾಡಿದ. ಈ ಎಸ್ಟೇಟುಗಳಲ್ಲಿ ಸೋಲಿಗರು ಗಿಡ ನೆಟ್ಟರು, ಕಸಿ ಮಾಡಿದರು, ಹಣ್ಣು ಕೊಯ್ದರು. ಕೆಲಸ ಕೈಗೆ ಬಂತು, ತೋಟ ಬರಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬೆನ್ನಿಗೇ, 1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ಕಾಡು ಸುಡುವುದು ನಿಂತಿತು, ಅಲೆಯುವ ಬೇಸಾಯವೂ ನಿಂತಿತು. ಸೋಲಿಗರು ಪೋಡುಗಳಲ್ಲಿ ನೆಲೆ ನಿಂತು, ಒಂದೆರಡು ಎಕರೆಯನ್ನೇ ವರ್ಷವರ್ಷವೂ ಉಳಬೇಕಾಯಿತು. 1981ರಲ್ಲಿ ಡಾ. ಎಚ್. ಸುದರ್ಶನ್ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆಸ್ಪತ್ರೆ, ಶಾಲೆಗಳನ್ನು ತಂದಿತು. ಹೊಟ್ಟೆಯ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಬೆಳೆದ ರಾಗಿಯನ್ನು ಆನೆ ತುಳಿಯುತ್ತದೆ, ಗೆಣಸನ್ನು ಹಂದಿ ಅಗೆಯುತ್ತದೆ. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕೂತು ಕಾಯ್ದರೂ ಕಣಕ್ಕೆ ಬರುವುದು ಉಳಿದದ್ದಷ್ಟೇ. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಗಿ, ಕೆಲವೇ ವರ್ಷಗಳಲ್ಲಿ ಜೇನು, ನೆಲ್ಲಿಕಾಯಿ, ಪಾಚಿ ಆರಿಸಿ ಮಾರುವುದಕ್ಕೂ ತಡೆ ಬಿತ್ತು. ಕೈಗೆ ಕಾಸು ಬರುತ್ತಿದ್ದ ದಾರಿಯೇ ಅದಾಗಿತ್ತು.

ಕಾಫಿ ಗಿಡ ಹಿತ್ತಲಿನಿಂದ ಹೊಲಕ್ಕೆ ಹಬ್ಬಿದ್ದು ಈ ಇಕ್ಕಟ್ಟಿನಲ್ಲಿ. ಆನೆ ಕಾಫಿ ಗಿಡವನ್ನು ಮೇಯುವುದಿಲ್ಲ. ಪುನುಗು ಬೆಕ್ಕು, ಮಂಗ ಹಣ್ಣು ತಿನ್ನುತ್ತವೆ ನಿಜ, ಆದರೆ ಒಂದೇ ರಾತ್ರಿಯಲ್ಲಿ ವರ್ಷದ ಅನ್ನ ಕಳೆದುಕೊಳ್ಳುವ ಭಯವಿಲ್ಲ. ಜೊತೆಗೆ ಅರೇಬಿಕಾಕ್ಕೆ ಬೇಕಾದ ಎತ್ತರ, ತಂಪು, ಮರದ ನೆರಳು ಇಲ್ಲಿ ಇದ್ದವು.

ಸಾವಯವ ಎಂಬುದು ಇಲ್ಲಿ ಯಾರೋ ಬಂದು ಬೋಧಿಸಿದ ಧರ್ಮವಲ್ಲ. ಗೊಬ್ಬರ, ಔಷಧಿಗೆ ಹಣವಿರಲಿಲ್ಲ. ಉದುರಿದ ಎಲೆಯೇ ಗೊಬ್ಬರ. ಬಡತನವನ್ನೇ ಹೊಗಳಿದಂತಾಗಬಾರದು, ಆರೈಕೆಯಿಲ್ಲದ ಗಿಡ ಕಾಯಿ ಕಡಿಮೆ ಬಿಡುತ್ತದೆ. ಅರೇಬಿಕಾದ ದೊಡ್ಡ ಶತ್ರು ಬಿಳಿ ಕಾಂಡಕೊರಕ. ಬಿಸಿಲು ಬೀಳುವ ಕಾಂಡದ ಮೇಲೆ ಈ ದುಂಬಿ ಮೊಟ್ಟೆಯಿಡಲು ಇಷ್ಟಪಡುತ್ತದೆ, ಆದ್ದರಿಂದ ನೆರಳೇ ಮೊದಲ ಮದ್ದು. ಕಾಂಡದ ಸಡಿಲ ತೊಗಟೆ ಉಜ್ಜಿ ತೆಗೆಯಬೇಕು, ಹುಳು ಹಿಡಿದ ಗಿಡವನ್ನು ಗುರುತಿಸಿ ಕಿತ್ತು ಸುಡಬೇಕು. ಇದಕ್ಕೆ ದುಡ್ಡಿಗಿಂತ ಕಣ್ಣು ಮತ್ತು ಕೈ ಹೆಚ್ಚು ಬೇಕು.

ಆದರೆ ವಿಷ ಹಾಕದೆ ಬೆಳೆದರೆ ಸಾಲದು, ಹಾಕಿಲ್ಲವೆಂದು ಕಾಗದ ತೋರಿಸಬೇಕು. 2001ರಲ್ಲಿ ಜಾರಿಗೆ ಬಂದ ಸಾವಯವ ಉತ್ಪಾದನೆಯ ರಾಷ್ಟ್ರೀಯ ಕಾರ್ಯಕ್ರಮದಡಿ ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಸಾಮಾನ್ಯವಾಗಿ ಮೂರು ವರ್ಷದ ಪರಿವರ್ತನಾ ಅವಧಿ ಉಂಟು. ಒಂಟಿ ರೈತನಿಗೆ ಪ್ರಮಾಣಪತ್ರದ ಖರ್ಚು ಹೊರಲಾರದ ಭಾರ. ಗುಂಪು ಕಟ್ಟಿದರಷ್ಟೇ ಸಾಧ್ಯ.

ಇನ್ನೊಂದು ಗಂಟು ತೂಕದ್ದು. ಸುಮಾರು ಐದಾರು ಕಿಲೋ ಅರೇಬಿಕಾ ಹಣ್ಣಿನಿಂದ ಸಿಗುವುದು ಒಂದು ಕಿಲೋ ಬೀಜ. ಕೊಯ್ದ ಹಣ್ಣನ್ನು ಅಂದೇ ದಲ್ಲಾಳಿಗೆ ಕೊಟ್ಟವನಿಗೆ ಅವನು ಹೇಳಿದ್ದೇ ದರ. ಸಿಪ್ಪೆ ಬಿಡಿಸಿ, ಲೋಳೆ ತೊಳೆದು, ಕಣದಲ್ಲಿ ಒಣಗಿಸಿ ಪಾರ್ಚ್‌ಮೆಂಟ್ ಮಾಡಿದವನು ಒಳ್ಳೆಯ ದರಕ್ಕಾಗಿ ಕಾಯಬಲ್ಲ. ಕಾಯುವುದಕ್ಕೆ ಪಲ್ಪರ್ ಯಂತ್ರ ಬೇಕು, ಕಣ ಬೇಕು, ಅಲ್ಲಿಯವರೆಗೆ ಮನೆ ನಡೆಸಲು ಮುಂಗಡವೂ ಬೇಕು. ಕಾರ್ಖಾನೆಯ ತೂಕದ ಸೇತುವೆಯ ಮುಂದೆ ಕಬ್ಬಿನ ಟ್ರಾಕ್ಟರ್ ನಿಲ್ಲಿಸಿಕೊಂಡು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬಿಗಾದರೂ ಸರ್ಕಾರ ಹಂಗಾಮಿಗೆ ಮೊದಲೇ ಒಂದು ಕನಿಷ್ಠ ದರ ಗೊತ್ತುಮಾಡುತ್ತದೆ. ಕಾಫಿಗೆ ಅದಿಲ್ಲ. 1990ರ ದಶಕದಲ್ಲಿ ಕಾಫಿ ಮಂಡಳಿಯ ಪೂಲ್ ಪದ್ಧತಿ ಹಂತಹಂತವಾಗಿ ಮುಗಿದ ಮೇಲೆ ಬೆಲೆ ಮಾರುಕಟ್ಟೆಯ ಏರಿಳಿತಕ್ಕೆ ಬಿಟ್ಟದ್ದು. ಸೋಲಿಗರಿಂದ ನೇರವಾಗಿ ಕೊಳ್ಳುವ ಬ್ಲ್ಯಾಕ್ ಬಾಜಾದಂಥ ಸಂಸ್ಥೆಗಳು ಬಂದದ್ದು ಈಚೆಗೆ. ನೆರೆಯ ಆಂಧ್ರದ ಅರಕು ಕಣಿವೆಯ ಗಿರಿಜನರು ಸಹಕಾರ ಸಂಘ ಕಟ್ಟಿ ಮಾಡಿದ ಕಾಫಿ ಪ್ಯಾರಿಸ್ಸಿನ ಅಂಗಡಿಯವರೆಗೆ ಹೋಗಿದೆ, 2019ರಲ್ಲಿ ಭೌಗೋಳಿಕ ಗುರುತನ್ನೂ ಪಡೆದಿದೆ.

ಇಷ್ಟಾದರೂ ಎಲ್ಲಕ್ಕೂ ಮೊದಲಿನದು ನೆಲದ ಪ್ರಶ್ನೆ. ಕಾಫಿ ಗಿಡ ಫಸಲಿಗೆ ಬರಲು ಮೂರು-ನಾಲ್ಕು ವರ್ಷ ಬೇಕು. ನಾಳೆ ಎಬ್ಬಿಸಿಯಾರು ಎಂಬ ಅಂಜಿಕೆಯಲ್ಲಿ ಯಾರು ನೆಡುತ್ತಾರೆ? 2006ರ ಅರಣ್ಯ ಹಕ್ಕು ಕಾಯ್ದೆ, 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಉಳುತ್ತಿದ್ದ ಗಿರಿಜನರಿಗೆ ನಾಲ್ಕು ಹೆಕ್ಟೇರಿನವರೆಗೆ ಹಕ್ಕು ಕೊಡುತ್ತದೆ. ಆ ನೆಲ ಮಕ್ಕಳಿಗೆ ಹೋಗಬಹುದು, ಮಾರುವಂತಿಲ್ಲ. 2011ರ ಆರಂಭದಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದಾಗ ಪೋಡುಗಳು ಬೆದರಿದ್ದು ಸಹಜ. ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಗಿರಿಜನರಿಗೆ ಇಂಥ ಹಕ್ಕು ದೇಶದಲ್ಲೇ ಮೊದಲು ದೊರೆತದ್ದು ಇಲ್ಲಿ. ಜೇನು, ನೆಲ್ಲಿಯ ಹಕ್ಕು ಮರಳಿ ಬಂತು. ಕಾಫಿ ಅವುಗಳ ಪಕ್ಕದಲ್ಲಿ ನಿಂತಿತು. ಬೇಸಿಗೆಯ ಹೂಮಳೆ ತಪ್ಪಿದ ವರ್ಷ ಕಾಯಿ ಕಟ್ಟುವುದಿಲ್ಲ. ಅಂಥ ವರ್ಷ ಸೋಲಿಗರು ಮತ್ತೆ ಜೇನಿಗೆ ಬಂಡೆ ಏರುತ್ತಾರೆ.