ಕಟಬರ ಗೊಂಬೆಗಳ ಒಡೆತನ

ಮಹಾರಾಷ್ಟ್ರದ ಗಡಿಗೆ ತಾಗಿರುವ ಆಳಂದ, ಭೀಮಾ ನದಿಯ ದಂಡೆಯ ಅಫಜಲಪುರ ಮತ್ತು ಜೇವರ್ಗಿ, ಈ ಮೂರೂ ತಾಲ್ಲೂಕುಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದವು. ಆಡಳಿತದ ಗೆರೆಗಳು ಹೀಗೆ ಬದಲಾದರೂ ಕನ್ನಡ ಮರಾಠಿಗಳೆರಡೂ ಬೆರೆತ ಈ ಸೀಮೆಯ ಕಲಾಸಂಚಾರಕ್ಕೆ ಅವು ಅಡ್ಡಿಯಾದದ್ದು ಕಡಿಮೆ. ದಕ್ಷಿಣದಲ್ಲಿ ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತರೆಂದೂ ಬಡಗಣ ಜಿಲ್ಲೆಗಳಲ್ಲಿ ಕಟಬರೆಂದೂ ಕರೆಯಲಾಗುವ ಸಮುದಾಯವು ಇಂಥ ಸಂಚಾರಿ ಕಲಾವಿದರದು. 1909ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತ ಗ್ರಂಥದಲ್ಲಿ ಎಡ್ಗರ್ ಥರ್ಸ್ಟನ್ ಇವರನ್ನು ಮರಾಠಿ ಮೂಲದವರೆಂದು ಗುರುತಿಸಿ, ತೊಗಲು ಗೊಂಬೆಯ ಆಟ ಮತ್ತು ಮೀನುಗಾರಿಕೆಗಳೆರಡನ್ನೂ ಇವರ ಕಸುಬುಗಳೆಂದು ದಾಖಲಿಸಿದ್ದಾನೆ. ಹೀಗಾಗಿ ಹೊಳೆಯ ದಂಡೆಯ ಊರುಗಳೇ ಇವರಿಗೆ ಹೊಟ್ಟೆಪಾಡಿನ ನೆಲೆಯೂ ಆಟದ ನೆಲೆಯೂ ಆದವು.

ತೊಗಲು ಗೊಂಬೆಯೆಂದರೆ ಬೆಳಕು ಹಾಯುವಷ್ಟು ತೆಳುವಾಗುವ ಹಾಗೆ ಹದ ಮಾಡಿದ ಚರ್ಮದ ಮೇಲೆ ಚಿತ್ರ ಬರೆದು, ಉಳಿಯಿಂದ ತೂತು ಕೊರೆದು, ಬಣ್ಣ ತುಂಬಿದ ಆಕೃತಿ. ಬಿಗಿದ ಬಿಳಿ ಪರದೆಯ ಹಿಂದೆ ದೀಪ ಹಚ್ಚಿ, ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದಾಗ ಎದುರು ಕುಳಿತ ಜನರಿಗೆ ಕಾಣುವುದು ಕಪ್ಪು ನೆರಳಲ್ಲ, ಬಣ್ಣದ ನೆರಳು. ರಾಮಾಯಣ, ಮಹಾಭಾರತಗಳ ಪ್ರಸಂಗಗಳು ರಾತ್ರಿಯಿಡೀ ನಡೆಯುತ್ತಿದ್ದವಾದರೂ ಜನರು ಕಾದು ಕೂರುತ್ತಿದ್ದದ್ದು ಬಹುಪಾಲು ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ ಎಂಬ ಹಾಸ್ಯಪಾತ್ರಗಳಿಗಾಗಿ. ದೇವರ ಕಥೆಯ ನಡುವೆ ನುಗ್ಗಿ ಊರಿನ ಆಡುಮಾತಿನಲ್ಲೇ ಬೈದಾಡುವ ಈ ಜೋಡಿ ಸೇರಿದವರನ್ನೂ ಹಾಸ್ಯಕ್ಕೆ ಎಳೆಯುತ್ತಿತ್ತು. ಮಳೆ ತಡವಾದಾಗ, ದನಕರುಗಳಿಗೆ ಬೇನೆ ಬಂದಾಗ ಊರವರೇ ಕೂಡಿ ಆಟ ಆಡಿಸುವ ವಾಡಿಕೆಯಿದ್ದುದರಿಂದ ಪ್ರೇಕ್ಷಕರು ಇಲ್ಲಿ ಬರಿಯ ನೋಡುಗರಾಗಿರದೆ ಆಟದ ಹರಕೆ ಹೊತ್ತವರೂ ಆಗಿದ್ದರು.

ಇಂಥ ಗೊಂಬೆಗಳ ಒಡೆತನಕ್ಕೆ ಬರಹದ ದಾಖಲೆ ಇರಲಿಲ್ಲ, ಕಟ್ಟುಪಾಡು ಇತ್ತು. ಗೊಂಬೆಗಳ ಪೆಟ್ಟಿಗೆ ಮನೆತನದ ಆಸ್ತಿಯಾಗಿ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಿತ್ತು. ಹಲವು ಮನೆತನಗಳಲ್ಲಿ ದೇವತೆಗಳನ್ನೂ ರಾಕ್ಷಸರನ್ನೂ ಬೇರೆ ಬೇರೆ ಕಟ್ಟಿಡುವ, ಹರಿದು ಕೆಲಸಕ್ಕೆ ಬಾರದ ಗೊಂಬೆಯನ್ನು ಎಸೆಯದೆ ಹರಿಯುವ ನೀರಿಗೆ ಬಿಡುವ ಸಂಪ್ರದಾಯವಿತ್ತು. ಮಾತು, ಹಾಡು, ಕೈಚಳಕಗಳು ಗೊಂಬೆಯ ಜೊತೆಗೇ ಮಕ್ಕಳಿಗೆ ಬರುತ್ತಿದ್ದುದರಿಂದ ತೊಗಲಿನ ಒಡೆಯ ಒಬ್ಬ, ದನಿಯ ಒಡೆಯ ಇನ್ನೊಬ್ಬ ಎಂಬ ಭೇದಕ್ಕೆ ಆಸ್ಪದವೇ ಇರಲಿಲ್ಲ.

ಆ ಭೇದ ಹುಟ್ಟಿದ್ದು ಇಪ್ಪತ್ತನೆಯ ಶತಮಾನದಲ್ಲಿ. 1934ರಲ್ಲಿ ಬಂದ ‘ಸತಿ ಸುಲೋಚನ’ದೊಂದಿಗೆ ಕನ್ನಡದ ತೆರೆಯೇ ಮಾತಾಡತೊಡಗಿತು. ಟೂರಿಂಗ್ ಟಾಕೀಸುಗಳೂ ನಂತರ ಟಿವಿಯೂ ಹಳ್ಳಿಗಳನ್ನು ತಲುಪಿದಂತೆ ರಾತ್ರಿಯ ಆಟಕ್ಕೆ ಕಾಳುಕಡ್ಡಿ ಕೊಡುವ ಊರುಗಳು ಕಡಿಮೆಯಾದವು. ಅದೇ ಹೊತ್ತಿಗೆ ಪಟ್ಟಣದ ಸಂಗ್ರಾಹಕರು, ವಸ್ತುಸಂಗ್ರಹಾಲಯಗಳು ಗೊಂಬೆಯ ಚಿತ್ರಕಲೆಗೆ ಬೆಲೆ ಕಟ್ಟತೊಡಗಿದವು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿಗಾಗಿ ಎಂ.ಎಸ್. ನಂಜುಂಡರಾವ್ ಕೂಡಿಸಿದ ತೊಗಲು ಗೊಂಬೆಗಳು, ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯದ ಗೊಂಬೆಗಳು ಇದಕ್ಕೆ ಸಾಕ್ಷಿ. ಈ ಸಂಗ್ರಹಗಳು ಇಲ್ಲದಿದ್ದರೆ ಎಷ್ಟೋ ಗೊಂಬೆಗಳು ಗೆದ್ದಲಿಗೆ ತುತ್ತಾಗುತ್ತಿದ್ದವೆಂಬುದು ದಿಟ. ಆದರೆ ಮಾರಾಟವಾದ ಗೊಂಬೆಯ ಜಾಗ ತುಂಬುವುದೂ ಸುಲಭವಿರಲಿಲ್ಲ. ದೇವತಾ ಪಾತ್ರಗಳಿಗೆ ಬಳಸುತ್ತಿದ್ದ ಜಿಂಕೆಯ ಚರ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಕೈಗೆಟುಕದಂತಾಗಿ, ಆಡಿನ ಚರ್ಮವೊಂದೇ ಆಸರೆಯಾಯಿತು.

ಗೊಂಬೆಯ ಒಡೆಯ ಯಾರು, ದನಿಯ ಒಡೆಯ ಯಾರು ಎಂಬ ಇದೇ ಪ್ರಶ್ನೆ ಅಮೆರಿಕದಲ್ಲಿ ತಿರುಗುಮುರುಗಾಗಿ ಎದ್ದಿತು. ಜಿಮ್ ಹೆನ್ಸನ್ 1955ರಲ್ಲಿ ರೂಪಿಸಿದ ಕರ್ಮಿಟ್ ಎಂಬ ಕಪ್ಪೆ ಮತ್ತು ಅದರ ಸಂಗಾತಿಗಳಾದ ‘ಮಪೆಟ್’ ಗೊಂಬೆಗಳನ್ನು ಕೊಳ್ಳುವ ಡಿಸ್ನಿ ಕಂಪನಿಯ ಮೊದಲ ಪ್ರಯತ್ನ 1990ರಲ್ಲಿ ಹೆನ್ಸನ್ ತೀರಿಕೊಂಡ ಮೇಲೆ ಮುರಿದುಬಿತ್ತು, 2004ರಲ್ಲಿ ಖರೀದಿ ಕೈಗೂಡಿತು. ಅಲ್ಲಿ ಕೈಬದಲಾದದ್ದು ಬಟ್ಟೆ, ಸ್ಪಂಜುಗಳ ಆಕೃತಿಗಿಂತ ಹೆಚ್ಚಾಗಿ ಪಾತ್ರದ ಮೇಲಿನ ಕಾನೂನುಬದ್ಧ ಹಕ್ಕು. ಆ ಗೊಂಬೆಗಳೊಡನೆ ಬೆಳೆದ ಪ್ರೇಕ್ಷಕರಿಗೆ ದೊಡ್ಡ ಕಂಪನಿಯ ನೆರಳಿನಲ್ಲಿ ಹಳೆಯ ಕುಚೋದ್ಯ ಸಪ್ಪೆಯಾದೀತೆಂಬ ಅಳುಕು ಒಂದೆಡೆ, ಹೊಸ ಬಂಡವಾಳದಿಂದ ಮತ್ತೆ ಸಿನಿಮಾಗಳು ಬಂದಾವೆಂಬ ಆಸೆ ಇನ್ನೊಂದೆಡೆ ಇತ್ತು. ಹೆನ್ಸನ್ ನಂತರ ಕರ್ಮಿಟ್‌ಗೆ ಜೀವ ತುಂಬಿದ್ದ ಸ್ಟೀವ್ ವಿಟ್ಮೈರ್‌ನನ್ನು ಕೈಬಿಟ್ಟ ಸಂಗತಿ 2017ರಲ್ಲಿ ಹೊರಬಿದ್ದಾಗ ಎದ್ದ ವಾದವಿವಾದವು, ಹಕ್ಕನ್ನು ಕೊಂಡವರು ದನಿಯ ಮೇಲಿನ ಜನರ ಅಭಿಮಾನವನ್ನೂ ಕೊಂಡಂತಾಗಲಿಲ್ಲವೆಂಬುದನ್ನು ತೋರಿಸಿಕೊಟ್ಟಿತು.

ಕಿಳ್ಳೇಕ್ಯಾತನ ಪಾತ್ರವನ್ನು ಹೀಗೆ ಕೊಳ್ಳಲು ಯಾವ ಕಂಪನಿಗೂ ಸಾಧ್ಯವಿಲ್ಲ, ಏಕೆಂದರೆ ಪರಂಪರೆಯಿಂದ ಬಂದ ಅವನಿಗೆ ಮಾರಬಲ್ಲ ಒಬ್ಬ ಕರ್ತೃವಿಲ್ಲ. ಇಲ್ಲಿ ಬಿಕರಿಯಾದದ್ದು ತೊಗಲು ಮಾತ್ರ. ಆದರೆ ಒಂದೊಂದು ಮನೆಯ ಗೊಂಬೆ ಬಿಡಿಬಿಡಿಯಾಗಿ, ಬಡತನದ ಒತ್ತಡದಲ್ಲಿ ಮಾರಾಟವಾದುದರಿಂದ, ಹರಕೆ ಹೊತ್ತು ಆಟ ಆಡಿಸುತ್ತಿದ್ದ ಊರುಗಳ ಅಭಿಪ್ರಾಯವನ್ನು ಕೇಳುವ ಸಂದರ್ಭವೇ ಒದಗಲಿಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಸಂದ ಪದ್ಮಶ್ರೀ ಗೌರವವು ಗೊಂಬೆಗಿಂತ ಆಡಿಸುವವರ ಕಡೆಗೆ ನಾಡಿನ ಗಮನ ತಿರುಗಿಸಿದೆ. ಸಂಗ್ರಹಾಲಯಗಳು ತಮ್ಮಲ್ಲಿರುವ ಗೊಂಬೆಗಳ ಪ್ರತಿಗಳನ್ನು ಮಾಡಿಸಿ ಆ ಸಮುದಾಯದ ಕೈಗೆ ಮರಳಿಸಬೇಕು; ಆಳಂದ, ಅಫಜಲಪುರ, ಜೇವರ್ಗಿಗಳ ಜಾತ್ರೆಗಳಲ್ಲಿ ಕಟಬರ ಆಟಕ್ಕೆ ಸಂಭಾವನೆ ಕೊಟ್ಟು ಜಾಗ ಮಾಡಿಕೊಡುವುದು ಊರವರ ಪಾಲಿನ ಕೆಲಸ.