ಆರ್ಥಿಕತೆಯ ಶ್ರೇಯ ಮತ್ತು ಹೊಣೆ: ಭಾರತದ ಪಕ್ಷ ರಾಜಕಾರಣದಲ್ಲಿ

ಬೆಲೆ, ಬೆಳವಣಿಗೆ, ಉದ್ಯೋಗ, ಸಾಲ ಇವುಗಳ ಏರಿಳಿತಕ್ಕೆ ಯಾರು ಕಾರಣ ಎಂಬ ಜಗಳ ಸ್ವತಂತ್ರ ಭಾರತದ ಚುನಾವಣೆಗಳಲ್ಲಿ ಹಳೆಯದು. ಆರ್ಥಿಕ ನಿರ್ಧಾರವೊಂದು ಫಲ ಕೊಡಲು ಹಲವು ವರ್ಷ ಬೇಕಾಗಬಹುದು. ಸರ್ಕಾರದ ಅವಧಿ ಐದೇ ವರ್ಷ. ಜಗಳಕ್ಕೆ ಜಾಗ ಸಿಗುವುದು ಈ ಅಂತರದಲ್ಲಿ. ಮೊದಲು ಅದು ಅಕ್ಕಿ, ಈರುಳ್ಳಿಯ ಸುತ್ತ ನಡೆಯಿತು. ಈಚೆಗೆ ಅಂಕಿಅಂಶಗಳ ಮೇಲೂ ನಡೆಯುತ್ತಿದೆ.

1966ರ ಜೂನ್ 6ರಂದು ಇಂದಿರಾ ಗಾಂಧಿ ಸರ್ಕಾರ ರೂಪಾಯಿಯನ್ನು ಅಪಮೌಲ್ಯಗೊಳಿಸಿದಾಗ (ಡಾಲರಿಗೆ 4.76ರಿಂದ 7.50ಕ್ಕೆ) ಸ್ವಪಕ್ಷದ ಅಧ್ಯಕ್ಷ ಕೆ. ಕಾಮರಾಜರೇ ಅದನ್ನು ಒಪ್ಪಲಿಲ್ಲ. ಒಪ್ಪದಿದ್ದುದರಿಂದ ಅವರಿಗೇನೂ ಲಾಭವಾಗಲಿಲ್ಲ. ಬರ ಮತ್ತು ಆಹಾರದ ಅಭಾವದ ನಡುವೆ ಬಂದ 1967ರ ಚುನಾವಣೆಯಲ್ಲಿ ಡಿಎಂಕೆ ರೂಪಾಯಿಗೆ ಮೂರು ಪಡಿ ಅಕ್ಕಿಯ ಭರವಸೆ ಕೊಟ್ಟು ಮದರಾಸನ್ನು ಗೆದ್ದಿತು. ಕಾಮರಾಜರು ವಿರುದುನಗರದಲ್ಲೇ ಸೋತರು. 1973ರಲ್ಲಿ ಪೆಟ್ರೋಲ್ ಬೆಲೆಯೇರಿಕೆ ಖಂಡಿಸಿ ಜನಸಂಘದ ವಾಜಪೇಯಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋದರು. 1980ರಲ್ಲಿ ಇಂದಿರಾ ಈರುಳ್ಳಿ ಬೆಲೆಯನ್ನು ಜನತಾ ಆಡಳಿತದ ಕುರುಹಾಗಿ ತೋರಿಸಿದರು. 1998ರಲ್ಲಿ ಅದೇ ಈರುಳ್ಳಿ ದೆಹಲಿಯಲ್ಲಿ ಬಿಜೆಪಿಗೆ ಮುಳುವಾಯಿತು.

ಹೊಣೆ ಹಂಚುವುದು ಎಷ್ಟು ಕಷ್ಟ ಎಂಬುದಕ್ಕೆ 1991ಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. 1980ರ ದಶಕದುದ್ದಕ್ಕೂ ಬೆಳೆದ ಸಾಲ ಮತ್ತು ಕೊರತೆಯ ಮೇಲೆ ಕುವೈತ್ ಯುದ್ಧದ ತೈಲಬೆಲೆ ಬಂದು ಬಿತ್ತು. ಸ್ಟೇಟ್ ಬ್ಯಾಂಕಿನ ಮೂಲಕ 20 ಟನ್ ಚಿನ್ನವನ್ನು ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಕೊಟ್ಟು ಹಣ ತಂದ ಚಂದ್ರಶೇಖರ್ ಸರ್ಕಾರಕ್ಕೆ ಅಪಕೀರ್ತಿ ಅಂಟಿತು. ಜುಲೈನಲ್ಲಿ ಸುಮಾರು 47 ಟನ್ ಚಿನ್ನ ಅಡವಿಗೆ ಹೋದದ್ದು ನರಸಿಂಹರಾವ್ ಸರ್ಕಾರ ಬಂದ ಮೇಲೆ. ಅದು ಅಷ್ಟಾಗಿ ಯಾರ ನೆನಪಿನಲ್ಲೂ ಉಳಿದಿಲ್ಲ. ಜುಲೈ 24ರ ಬಜೆಟ್ಟಿನ ಕೀರ್ತಿ ಹಣಕಾಸು ಸಚಿವ ಮನಮೋಹನ್ ಸಿಂಗರಿಗೆ ಹೋಯಿತು. ಅವರ ಬೆನ್ನಿಗೆ ನಿಂತ ಪ್ರಧಾನಿಗೆ 1998ರಲ್ಲಿ ಪಕ್ಷ ಟಿಕೆಟ್ಟನ್ನೂ ಕೊಡಲಿಲ್ಲ.

ಉತ್ತಮ ಅಂಕಿಯೂ ಮತ ತರುತ್ತದೆಂಬ ಖಾತ್ರಿಯಿಲ್ಲ. 2003-04ರ ಬೆಳವಣಿಗೆ ದರ ಶೇ. 8ರ ಆಸುಪಾಸಿನಲ್ಲಿತ್ತು; ಆದರೂ 'ಇಂಡಿಯಾ ಶೈನಿಂಗ್' ಜಾಹೀರಾತು ನೆಚ್ಚಿ ಚುನಾವಣೆಯನ್ನು ಮುಂಚೆಯೇ ಕರೆದ ಪ್ರಧಾನಿ ವಾಜಪೇಯಿ ಅವರ ಎನ್‌ಡಿಎ ಸೋತಿತು.

2014ರ ನಂತರ ಲೆಕ್ಕವೇ ಅಖಾಡವಾಯಿತು. 2018ರ ಆಗಸ್ಟಿನಲ್ಲಿ ತಜ್ಞರ ಸಮಿತಿಯೊಂದರ ವರದಿ ಕಾಂಗ್ರೆಸ್ ನೇತೃತ್ವದ ಯುಪಿಎ ಕಾಲದ ಕೆಲವು ವರ್ಷಗಳ ಬೆಳವಣಿಗೆ ಶೇ. 10 ದಾಟಿತ್ತೆಂದಾಗ ಕಾಂಗ್ರೆಸ್ ಬೀಗಿತು. ನವೆಂಬರಿನಲ್ಲಿ ಬಂದ ಅಧಿಕೃತ ಸರಣಿ 2010-11ರ ದರವನ್ನು ಶೇ. 10.3ರಿಂದ 8.5ಕ್ಕೆ ಇಳಿಸಿತು. ಲೆಕ್ಕದ ವಿಧಾನದ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ನಿಜವಾದ ಭಿನ್ನಮತವಿತ್ತು. ಆದರೆ ಸರಣಿಯ ಬಿಡುಗಡೆಯಲ್ಲಿ ಸಂಖ್ಯಾಶಾಸ್ತ್ರ ಇಲಾಖೆಯ ಜೊತೆ ನೀತಿ ಆಯೋಗವೂ ವೇದಿಕೆ ಹಂಚಿಕೊಂಡದ್ದು ಅನುಮಾನಕ್ಕೆ ಎಡೆಮಾಡಿತು, ಆ ಅನುಮಾನ ಅಕಾರಣವಾಗಿರಲಿಲ್ಲ. 2021ರಲ್ಲಿ ಪೆಟ್ರೋಲ್ ಬೆಲೆ ಇಳಿಸದಿರುವುದಕ್ಕೆ ಯುಪಿಎ ಕಾಲದ ತೈಲ ಬಾಂಡ್‌ಗಳ ಸಾಲವನ್ನು ಕೇಂದ್ರ ಕಾರಣವಾಗಿ ಕೊಟ್ಟಿತು. ಲೀಟರಿಗೆ 30 ರೂಪಾಯಿ ದಾಟಿದ್ದ ತನ್ನದೇ ಅಬಕಾರಿ ಸುಂಕದ ಮಾತು ಹಿಂದೆ ಸರಿಯಿತು.

2024ರ ಫೆಬ್ರವರಿ 8ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಯುಪಿಎಯ ಹತ್ತು ವರ್ಷಗಳ ಕುರಿತು ಶ್ವೇತಪತ್ರ ಮಂಡಿಸಿದರು: ವಾಜಪೇಯಿ ಬಿಟ್ಟುಹೋದ ಸದೃಢ ಆರ್ಥಿಕತೆಯನ್ನು ಕಾಂಗ್ರೆಸ್ ಕೆಡಿಸಿತೆಂಬುದು ಅದರ ಸಾರ. ಅದೇ ದಿನ ಕಾಂಗ್ರೆಸ್ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆ, ನಿರುದ್ಯೋಗ ಮತ್ತು ಬೆಲೆಯೇರಿಕೆಯನ್ನು ಮುಂದಿಟ್ಟು 'ಕಪ್ಪುಪತ್ರ' ಹೊರತಂದರು. ಇಬ್ಬರೂ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದವರು. ಮರುದಿನ ನರಸಿಂಹರಾವ್ ಅವರಿಗೆ ಭಾರತರತ್ನ ಘೋಷಣೆಯಾಯಿತು, ಘೋಷಿಸಿದ್ದು ಬಿಜೆಪಿ ಪ್ರಧಾನಿ.

ಶ್ವೇತಪತ್ರಕ್ಕೆ ಒಂದು ದಿನ ಮೊದಲು ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ದೆಹಲಿಯ ಜಂತರ್ ಮಂತರಿನಲ್ಲಿ ಧರಣಿ ಕೂತಿದ್ದರು. ಕೇಂದ್ರ ತೆರಿಗೆಯಲ್ಲಿ ರಾಜ್ಯದ ಪಾಲು ಶೇ. 4.713ರಿಂದ 3.647ಕ್ಕೆ ಇಳಿದಿತ್ತು, ಪಾಲು ನಿಗದಿಯಾಗುವುದು ಹಣಕಾಸು ಆಯೋಗದ ಶಿಫಾರಸಿನಂತೆ, ತನ್ನಿಂದಲ್ಲ ಎಂದಿತು ಕೇಂದ್ರ. ಬಡವರಿಗೆ ಅಕ್ಕಿ ಕೊಡುವ ರಾಜ್ಯದ ಅನ್ನಭಾಗ್ಯ ಯೋಜನೆಯ ಜಗಳ ಇದರ ಇನ್ನೊಂದು ಮಗ್ಗುಲು. 2013ರಿಂದಲೂ ಕಾಂಗ್ರೆಸ್ ಅದನ್ನು ತನ್ನ ಕೊಡುಗೆ ಎಂದರೆ, ಅಕ್ಕಿ ಕೇಂದ್ರದ್ದು ಎಂಬುದು ಬಿಜೆಪಿಯ ಉತ್ತರ. 2023ರಲ್ಲಿ ಹೆಚ್ಚುವರಿ ಅಕ್ಕಿ ಮಾರಲು ಕೇಂದ್ರ ಒಪ್ಪದಿದ್ದಾಗ, ರಾಜ್ಯ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಫಲಾನುಭವಿಗಳ ಖಾತೆಗೆ ಹಾಕಿತು.